ಎತ್ತಿಗೆ ಜ್ವರ, ಎಮ್ಮೆಗೆ ಬರೆ, ನಮ್ಮ ಗಾಡಿಗೆ ಹೊಸ ಚೈನು

ನಮ್ಮ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೆಕೆಂಡ್ ಹ್ಯಾಂಡ್. ಯಾರನ್ನಾದ್ರೂ ನಿಲ್ಲಿಸಿ "ಗಾಡಿ ಹೆಂಗಿದೆ ಮಗಾ?" ಅಂತ ಕೇಳಿ ನೋಡಿ. "ಸೂಪರ್, ಆದ್ರೆ ಸ್ಲೋ ಮಾಡುವಾಗ ಸ್ವಲ್ಪ ವೈಬ್ರೇಷನ್ ಬರುತ್ತೆ ಅಷ್ಟೇ" ಅಂತಾನೆ. ಈ 'ಅಷ್ಟೇ' ಅನ್ನೋ ಪದದ ಮೇಲೆ ನಮಗೆ ತಕರಾರಿದೆ. 'ವೈಬ್ರೇಷನ್' ಅನ್ನೋ ಪದದ ಮೇಲೂ ಇದೆ. ಹೋದ ಸೆಮಿಸ್ಟರ್‌ನಲ್ಲಿ ಈ ಎರಡು ಪದಗಳನ್ನ ನಂಬಿ ನಾವು 2,300 ರೂಪಾಯಿ ಕಳ್ಕೊಂಡ್ವಿ. ದುಡ್ಡಿನ ಜೊತೆ ಇನ್ನೂ ದೊಡ್ಡದನ್ನ ಕಳ್ಕೊಳ್ಳೋದ್ರಲ್ಲಿದ್ವಿ.

ನಾವು ಅಂದ್ರೆ ನಾಲ್ಕು ಜನ, ಒಂದೇ ರೂಮು, ಸೆಕೆಂಡ್ ಇಯರ್ ಮೆಕ್ಯಾನಿಕಲ್. ತಲಾ 7,000 ಹಾಕಿ 28,000ಕ್ಕೆ ಒಂಬತ್ತು ವರ್ಷ ಹಳೇ 150 ಸಿಸಿ ಗಾಡಿ ತಗೊಂಡ್ವಿ. ಆರ್‌ಸಿ ಒಬ್ಬನ ಹೆಸರಲ್ಲಿ, ಪೆಟ್ರೋಲ್ ಯಾರು ಓಡಿಸ್ತಾರೋ ಅವರದ್ದು, ರಿಪೇರಿ ಎಲ್ಲರದ್ದು. ತಂದ ಎರಡನೇ ವಾರಕ್ಕೇ ಒಂದು ವಿಷಯ ಗೊತ್ತಾಯ್ತು. 60ರಲ್ಲಿ ಹೋಗುವಾಗ ಗಾಡಿ ಸಾಧು. ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿದ್ರೆ 50 ದಾಟಿ ಕೆಳಗೆ ಬರುತ್ತಿದ್ದ ಹಾಗೆ ನಡುಗೋಕೆ ಶುರು, 30 ಬಂದ್ರೆ ಮತ್ತೆ ಸಾಧು.

ಆಗ ನಾವು ಮಾಡಿದ್ದು ಎಲ್ಲರೂ ಮಾಡೋದೇ. ಕ್ಲಾಸ್ ಗ್ರೂಪಿನಲ್ಲಿ ಕೇಳಿದ್ವಿ. "ಡಿಸ್ಕ್ ಪ್ಯಾಡ್ ಹೋಗಿರುತ್ತೆ" ಅಂತ ಒಬ್ಬ ಹೇಳ್ದ, ಪ್ಯಾಡ್ ಹಾಕಿಸಿದ್ವಿ, 450. ನಡುಕ ಹಾಗೇ ಇತ್ತು. "ಚೈನ್ ಸ್ಪ್ರಾಕೆಟ್ ಗುರು, ಗ್ಯಾರಂಟಿ" ಅಂತ ಇನ್ನೊಬ್ಬ ಹೇಳ್ದ. ಆ ಗ್ಯಾರಂಟಿಗೆ 1,850. ಹೊಸ ಚೈನು ಪಳಪಳ ಹೊಳೀತಿತ್ತು, ನಡುಕ ಮಾತ್ರ ಹಾಗೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂತ ನಮ್ಮಲ್ಲೊಬ್ಬನ ಅಜ್ಜಿ ಹೇಳ್ತಿರ್ತಾರಂತೆ. ನಾವು ಬರೆ ಹಾಕಿದ್ದೂ ಅಲ್ಲದೆ ಎಮ್ಮೆಗೆ ಹೊಸ ಹಗ್ಗ ಬೇರೆ ಕೊಡಿಸಿದ್ವಿ. ಮೂರನೇ ಸಲಹೆ ಪುಕ್ಕಟೆ ಬಂತು: "ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಂಡು ಓಡ್ಸು, ಗೊತ್ತಾಗಲ್ಲ." ದುಡ್ಡು ಖಾಲಿಯಾಗಿತ್ತು, ಅದನ್ನೇ ಪಾಲಿಸಿದ್ವಿ.

ಇಂಟರ್ನಲ್ಸ್ ಮುಗಿದ ಭಾನುವಾರ ಹಾಸನದಿಂದ ಸಕಲೇಶಪುರದ ಕಡೆ ಹೊರಟ್ವಿ. ನಮ್ಮ ಗಾಡಿಯಲ್ಲಿ ಇಬ್ಬರು, ಹಿಂದೆ ಎರವಲು ಸ್ಕೂಟರ್‌ನಲ್ಲಿ ಇಬ್ಬರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯೋಕೆ ಶುರು ಮಾಡಿದ್ವಿ. ಘಾಟಿಯಲ್ಲಿ ಯಾರೂ 60ರಲ್ಲಿ ಹೋಗಲ್ಲ. ಇಳಿಜಾರು, ತಿರುವು, ಮುಂದೆ ಮಂಗಳೂರಿನ ಟ್ಯಾಂಕರ್. 30ರಿಂದ 50ರೊಳಗೇ ಓಡಾಟ, ಅಂದ್ರೆ ನಮ್ಮ ಗಾಡಿ ನಡುಗೋ ವೇಗದಲ್ಲೇ ಇಡೀ ದಾರಿ. ಒಂದು ತಿರುವಿನ ಹತ್ತಿರ ಟ್ಯಾಂಕರ್ ನಿಧಾನ ಆಯ್ತು, ನಮ್ಮವನು ಆಕ್ಸಿಲರೇಟರ್ ಬಿಟ್ಟ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಬಡಿದಾಡೋಕೆ ಶುರು ಮಾಡ್ತು. ಅವನು ಸಲಹೆ ನೆನಪಿಟ್ಟುಕೊಂಡು ಇನ್ನೂ ಗಟ್ಟಿಯಾಗಿ ಹಿಡ್ದ, ಅದು ಇನ್ನೂ ಜಾಸ್ತಿ ಆಯ್ತು. ಗಾಡಿ ರಸ್ತೆಯ ನಡುಗೆರೆ ದಾಟಿ ಬಲಕ್ಕೆ ಹೋಯ್ತು. ಕೆಳಗಿನಿಂದ ಬಸ್ಸೊಂದು ಹಾರ್ನ್ ಹೊಡೀತಾ ಬರ್ತಿತ್ತು. ಡ್ರೈವರ್ ಪುಣ್ಯಾತ್ಮ ಬ್ರೇಕ್ ಹೊಡೆದು ತನ್ನ ಎಡಕ್ಕೆ ಎಳೆದುಕೊಂಡ್ರು. ಗಾಡಿ ಅದುರೋದು ಆಗಲೇ ನಿಂತಿತ್ತು. ರಸ್ತೆ ಪಕ್ಕ ಕೂತ ನಮ್ಮ ಕೈ ಅದುರೋದು ನಿಲ್ಲೋಕೆ ಕಾಲು ಗಂಟೆ ಬೇಕಾಯ್ತು.

ವಾಪಸ್ ತೆವಳಿಕೊಂಡು ಬಂದು ಮಾರನೇ ದಿನ ಬಿ.ಎಂ. ರಸ್ತೆಯ ಒಳಗಲ್ಲಿಯೊಂದರಲ್ಲಿ ಇರೋ ಸಣ್ಣ ಗ್ಯಾರೇಜಿಗೆ ಹೋದ್ವಿ. ಅಲ್ಲಿನ ಅಣ್ಣ ಸ್ಪ್ಯಾನರ್ ಮುಟ್ಟಲಿಲ್ಲ. ಕೈ ಒರೆಸ್ಕೊಂಡು ಮೊದಲು ಪ್ರಶ್ನೆ ಕೇಳಿದ್ರು.

"ಏನ್ರಪ್ಪಾ, ಯಾವಾಗ ಆಡ್ತದೆ?"

"ಸ್ಲೋ ಮಾಡುವಾಗ ಅಣ್ಣ, ವೈಬ್ರೇಷನ್."

"ಸ್ಲೋ ಅಂದ್ರೆ? ಬ್ರೇಕ್ ಹಿಡಿದಾಗ್ಲೋ, ಬರೀ ಆಕ್ಸಿಲರೇಟರ್ ಬಿಟ್ಟಾಗ್ಲೂನೋ?"

ನಾಲ್ಕು ಜನ ಮುಖ ಮುಖ ನೋಡ್ಕೊಂಡ್ವಿ. ಎರಡು ತಿಂಗಳು ಓಡಿಸಿದ್ರೂ ಅದನ್ನ ಯಾರೂ ಗಮನಿಸಿರಲಿಲ್ಲ.

"ಕ್ಲಚ್ ಹಿಡುದ್ರೆ ನಿಲ್ತದಾ? ಕೈಗೆ ಬರ್ತದಾ, ಕಾಲಿಗೆ ಬರ್ತದಾ, ಕೂತ ಜಾಗಕ್ಕಾ? ಆಡ್ತದಾ, ಒದೀತದಾ, ಜುಮ್ಮಂತದಾ, ಜಗ್ತದಾ?"

ಒಂದಕ್ಕೂ ನಮ್ಮ ಹತ್ರ ಉತ್ತರ ಇರಲಿಲ್ಲ. "ಹೋಗಿ, ಖಾಲಿ ರಸ್ತೇಲಿ ಒಂದು ರೌಂಡ್ ನೋಡ್ಕೊಂಡು ಬನ್ನಿ. ಆಮೇಲೆ ಕೈ ಹಾಕ್ತೀನಿ" ಅಂತ ವಾಪಸ್ ಕಳಿಸಿದ್ರು.

ನಮ್ಮ ಅಭಿಪ್ರಾಯ ಇಲ್ಲಿಂದ ಶುರುವಾಗುತ್ತೆ. ಯಾವ ಪಾರ್ಟ್ ಬದಲಾಯಿಸಬೇಕು ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು ಯಾವಾಗ, ಎಲ್ಲಿ, ಹೇಗೆ ನಡುಗುತ್ತೆ ಅನ್ನೋದು. ನಾವು ಎಂಜಿನಿಯರಿಂಗ್ ಓದೋರು ಮೊದಲನೇ ಪ್ರಶ್ನೆಯನ್ನ ಹಾರಿಸಿ ಎರಡನೇದಕ್ಕೆ ಉತ್ತರ ಬರೀತಿದ್ದೀವಿ. ನಮಗೆ ಇದ್ದಿದ್ದೇ 'ವೈಬ್ರೇಷನ್' ಅನ್ನೋ ಒಂದು ಪದ, ಹೆಚ್ಚಂದ್ರೆ ಪುಸ್ತಕದ 'ಕಂಪನ'. ಆ ಅಣ್ಣನ ಹತ್ರ ನಾಲ್ಕು ಪದ ಇದ್ವು, ನಾಲ್ಕಕ್ಕೂ ಬೇರೆ ಬೇರೆ ಕಾಯಿಲೆ.

ಹ್ಯಾಂಡಲ್ ಎಡ ಬಲಕ್ಕೆ ತಲೆ ಆಡಿಸಿದಂಗೆ ಆಡಿದ್ರೆ ಮುಂದಿನ ಟೈರು, ಚಕ್ರ, ಅಥವಾ ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್, ಅಂದ್ರೆ ಗ್ಯಾರೇಜ್ ಭಾಷೆಯ ಕೋನ್ ಸೆಟ್ ಮೇಲೆ ಅನುಮಾನ. ಮುಂದಿನ ಬ್ರೇಕ್ ಹಿಡಿದಾಗ ಮಾತ್ರ ಲಿವರ್ ಬೆರಳನ್ನ ಒದ್ದಂಗೆ ಆದ್ರೆ ಡಿಸ್ಕ್ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ, ಇಲ್ಲಾ ಬೆಂಡ್ ಆಗಿದೆ. ಹಿಂದಿನ ಬ್ರೇಕ್ ಒತ್ತಿದಾಗ ಪೆಡಲ್ ಪಾದವನ್ನ ಒದ್ದರೆ ಡ್ರಮ್ ದುಂಡಗೆ ಉಳಿದಿಲ್ಲ. ಫುಟ್‌ರೆಸ್ಟ್‌ನಲ್ಲಿ, ಸೀಟಿನಲ್ಲಿ ಜುಮ್ಮಂದ್ರೆ, ಅದೂ ಯಾವ ಗೇರಲ್ಲಿದ್ರೂ ಅದೇ ಆರ್‌ಪಿಎಂಗೆ ಬಂದ್ರೆ, ಎಂಜಿನ್ ಅಥವಾ ಅದನ್ನ ಹಿಡಿದಿರೋ ಮೌಂಟಿಂಗ್ ಬೋಲ್ಟು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಯಾರೋ ಜಗ್ಗಿ ಜಗ್ಗಿ ಬಿಟ್ಟಂಗಾದ್ರೆ ಚೈನು, ಇಲ್ಲಾ ಹಿಂದಿನ ಹಬ್ ಒಳಗಿನ ರಬ್ಬರು.

ಕ್ಲಚ್ ಪ್ರಶ್ನೆ ಇವೆಲ್ಲಕ್ಕಿಂತ ಚೆನ್ನಾಗಿದೆ. ಖಾಲಿ ರಸ್ತೆಯಲ್ಲಿ ನಿಧಾನ ಮಾಡ್ತಾ ಕ್ಲಚ್ ಹಿಡಿದ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತೆ, ಎಂಜಿನ್ ಐಡ್ಲಿಂಗಿಗೆ ಬರುತ್ತೆ. ನಡುಕ ತಕ್ಷಣ ನಿಂತ್ರೆ ತಪ್ಪು ಎಂಜಿನ್ ಕಡೆ, ಅಥವಾ ಎಂಜಿನ್ ಎಳೆತ ಬಿದ್ದಾಗ ಮಾತ್ರ ಕಾಣೋ ಚೈನ್ ಕಡೆ. ನಿಲ್ಲದಿದ್ರೆ ಚಕ್ರ, ಟೈರು, ಫೋರ್ಕ್ ಕಡೆ. ಒಂದು ಲಿವರ್ ಹಿಡಿದು ಅರ್ಧ ಗಾಡಿಯನ್ನ ಅನುಮಾನದಿಂದ ಹೊರಗಿಡಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಾವು ಇದನ್ನ ಮೊದಲ ದಿನವೇ ಮಾಡಿದ್ರೆ 1,850ರ ಚೈನು ಅಂಗಡಿಯಲ್ಲೇ ಇರ್ತಿತ್ತು.

ಇದರಲ್ಲಿ ನಮಗೆ ಗೊತ್ತಿಲ್ಲದ ಫಿಸಿಕ್ಸ್ ಏನಾದ್ರೂ ಇದೆಯಾ? ಇಲ್ಲ. ನಮಗೆ ಜಾಸ್ತಿ ನಾಚಿಕೆ ಆಗಿದ್ದೂ ಅದಕ್ಕೇ. ಫಸ್ಟ್ ಇಯರ್‌ನಲ್ಲಿ ಫೋರ್ಸ್ಡ್ ಆಸಿಲೇಷನ್, ರೆಸೋನೆನ್ಸ್ ಎಲ್ಲಾ ಓದಿದ್ವಿ. ಡಿರೈವೇಷನ್ ಬರೆದ್ವಿ, ಮಾರ್ಕ್ಸ್ ಬಂತು. ಆ ರಾತ್ರಿ ರೂಮಿನಲ್ಲಿ ಕೂತು ಮೊದಲ ಸಲ ಅದನ್ನ ನಮ್ಮ ಗಾಡಿಗೆ ಹಾಕಿ ನೋಡಿದ್ವಿ. 17 ಇಂಚಿನ ಮುಂದಿನ ಚಕ್ರದ ಸುತ್ತಳತೆ ಟೈರ್ ಸೇರಿ ಸುಮಾರು 1.9 ಮೀಟರ್. ಗಂಟೆಗೆ 45 ಕಿ.ಮೀ. ಅಂದ್ರೆ ಸೆಕೆಂಡಿಗೆ 12.5 ಮೀಟರ್. ಭಾಗಿಸಿದ್ರೆ ಚಕ್ರ ಸೆಕೆಂಡಿಗೆ ಆರೂವರೆ ಸುತ್ತು ತಿರುಗ್ತಿದೆ. ಅದೇ ಹೊತ್ತಿಗೆ ಎಂಜಿನ್ 3,600 ಆರ್‌ಪಿಎಂನಲ್ಲಿದ್ರೆ ಕ್ರ್ಯಾಂಕ್ ಸೆಕೆಂಡಿಗೆ 60 ಸುತ್ತು. ಹತ್ತಿರ ಹತ್ತಿರ ಒಂಬತ್ತು ಪಟ್ಟು ವ್ಯತ್ಯಾಸ. ಸೆಕೆಂಡಿಗೆ ಆರು ಸಲದ್ದು ಕೈಗೆ ಅಲುಗಾಟದಂಗೆ ಸಿಗುತ್ತೆ, ಅರವತ್ತು ಸಲದ್ದು ಬರೀ ಜುಮ್ ಅನ್ನಿಸುತ್ತೆ. ಅಣ್ಣ ಕೇಳಿದ "ಆಡ್ತದಾ, ಜುಮ್ಮಂತದಾ" ಅನ್ನೋದು ಫ್ರೀಕ್ವೆನ್ಸಿ ಪ್ರಶ್ನೆ!

ಡಿಸ್ಕ್ ಲೆಕ್ಕವೂ ಇಷ್ಟೇ ಸುಲಭ. ಡಿಸ್ಕಿನಲ್ಲಿ ಒಂದು ಜಾಗ ದಪ್ಪ ಇದ್ರೆ ಚಕ್ರದ ಸುತ್ತಿಗೊಂದು ಸಲ ಒದೆ. 20ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಮೂರು ಸಲ, ಬೆರಳಲ್ಲೇ ಎಣಿಸಬಹುದು. ಚೈನ್ ಸುತ್ತು ಇನ್ನೂ ನಿಧಾನ. 120 ಕೊಂಡಿಯ ಚೈನು, ಹಿಂದೆ 42 ಹಲ್ಲಿನ ಸ್ಪ್ರಾಕೆಟ್ ಇದ್ರೆ ಚಕ್ರ ಸುಮಾರು ಮೂರು ಸುತ್ತು ಸುತ್ತಿದಾಗ ಚೈನು ಒಂದು ಸುತ್ತು ಮುಗಿಸುತ್ತೆ. ಹಾಗಾಗಿ ಚೈನಿನ ಒಂದು ಬಿಗಿ ಜಾಗದ ಜಗ್ಗಾಟ ನಿಧಾನವಾಗಿ, ತಾಳ ಹಾಕಿದಂಗೆ ಬರುತ್ತೆ.

ನಮ್ಮದು 60ರಲ್ಲಿ ಯಾಕೆ ಸುಮ್ಮನಿತ್ತು, 45ರಲ್ಲಿ ಯಾಕೆ ಕುಣೀತಿತ್ತು? ಸವೆದು ಅಂಕುಡೊಂಕಾದ ಟೈರು ಪ್ರತಿ ಸುತ್ತಿಗೂ ಹ್ಯಾಂಡಲ್ಲನ್ನ ಸ್ವಲ್ಪ ತಳ್ತಾ ಇರುತ್ತೆ. ವೇಗ ಇಳೀತಾ ಇಳೀತಾ ಆ ತಳ್ಳುವಿಕೆಯ ಫ್ರೀಕ್ವೆನ್ಸಿಯೂ ಇಳಿಯುತ್ತೆ. ಒಂದು ಕಡೆ ಅದು ಮುಂದಿನ ಭಾಗದ ಸ್ವಂತ ಫ್ರೀಕ್ವೆನ್ಸಿಗೆ ತಾಳೆಯಾಗುತ್ತೆ. ಜೋಕಾಲಿಯನ್ನ ಸರಿಯಾದ ಹೊತ್ತಿಗೆ ತಳ್ಳಿದಂಗೆ, ಸಣ್ಣ ತಳ್ಳು ದೊಡ್ಡ ಆಟ ಆಗುತ್ತೆ. ಆ ವೇಗ ದಾಟಿದ್ರೆ ಮತ್ತೆ ಶಾಂತಿ. ಕೋನ್ ಸೆಟ್ ಸಡಿಲ ಇದ್ರೆ ಅದನ್ನ ತಡೆಯೋರೂ ಇಲ್ಲ. ನಿಧಾನ ಮಾಡುವಾಗ ಭಾರ ಬೇರೆ ಮುಂದಿನ ಚಕ್ರದ ಮೇಲೆ ಬೀಳುತ್ತೆ.

ಅಣ್ಣ ಹೇಳಿದಂಗೆ ರೌಂಡ್ ಹೋಗಿ ಬಂದು ಉತ್ತರ ಕೊಟ್ವಿ. ಬ್ರೇಕ್ ಮುಟ್ಟದಿದ್ರೂ ಬರುತ್ತೆ, ಕ್ಲಚ್ ಹಿಡಿದ್ರೂ ನಿಲ್ಲಲ್ಲ, ಕೈಗೆ ಬರುತ್ತೆ, ಆಡುತ್ತೆ. ಅವರು ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬನನ್ನ ಹಿಂದೆ ಕೂರಿಸಿ ಮುಂದಿನ ಚಕ್ರ ಎತ್ತಿದ್ರು. ಫೋರ್ಕಿನ ಕೆಳತುದಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದ್ರು. 'ಟಕ್' ಅಂತ ಸದ್ದು. "ಕೋನ್ ಸೆಟ್ ಆಟ ಐತೆ, ನೀವೇ ಮುಟ್ಟಿ ನೋಡಿ" ಅಂದ್ರು. ಮುಟ್ಟಿದ್ವಿ, ಟಕ್ ಅಂತ ಕೈಗೇ ಸಿಕ್ತು. ಆಮೇಲೆ ಟೈರ್ ಮೇಲೆ ಅಂಗೈ ಸವರಿಸಿದ್ರು. ಒಂದು ದಿಕ್ಕಿಗೆ ನುಣುಪು, ವಾಪಸ್ ಸವರಿದ್ರೆ ಗರಗಸ.

ಎರಡನ್ನೂ ಒಟ್ಟಿಗೆ ಮಾಡಿಬಿಡಿ ಅಣ್ಣ ಅಂದ್ವಿ. ಅವರು ಒಪ್ಪಲಿಲ್ಲ. "ಎರಡೂ ಒಟ್ಟಿಗೆ ಮಾಡುದ್ರೆ ಯಾವುದರಿಂದ ಹೋಯ್ತು ಅಂತ ಹೆಂಗೆ ಗೊತ್ತಾಗ್ತದೆ?" ಕೋನ್ ಸೆಟ್ ಬಿಗಿ ಮಾಡಿ 100 ರೂಪಾಯಿ ತಗೊಂಡ್ರು. ಮುಕ್ಕಾಲು ನಡುಕ ಹೋಯ್ತು. ತುಂಬಾ ಬಿಗಿ ಮಾಡಿದ್ರೂ ಕಷ್ಟ, ಹ್ಯಾಂಡಲ್ ಸಲೀಸಾಗಿ ತಿರುಗದೆ ಗಾಡಿ ಹಾವಿನಂಗೆ ಹೋಗುತ್ತೆ ಅಂತಲೂ ತೋರಿಸಿದ್ರು. ತಿಂಗಳ ನಂತರ ದುಡ್ಡು ಸೇರಿಸಿ ಟೈರ್ ಹಾಕಿಸಿದ್ವಿ, ಉಳಿದ ಕಾಲು ಭಾಗವೂ ಹೋಯ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಉಳಿದದ್ದನ್ನ ಮುಟ್ಟಬೇಡ ಅಂತ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಓದಿದವರು ನಾವು, ಪಾಲಿಸಿದವರು ಅವರು.

ಹಾಗಂತ ಗ್ಯಾರೇಜಿನವರೆಲ್ಲ ಜ್ಞಾನಿಗಳು, ಕಾಲೇಜು ದಂಡ ಅಂತ ಹೇಳೋಕೆ ನಾವು ಬಂದಿಲ್ಲ. ಗಾಡಿ ನೋಡದೇನೇ "ಇಡೀ ಫೋರ್ಕ್ ಬದಲಾಯಿಸ್ಬೇಕು, 5,000 ಆಗುತ್ತೆ" ಅಂದ ಇನ್ನೊಬ್ಬ ಮೆಕ್ಯಾನಿಕ್ ಕೂಡ ನಮಗೆ ಸಿಕ್ಕಿದ್ರು. ಜಾಬ್ ಕಾರ್ಡ್‌ನಲ್ಲಿ 'ವೈಬ್ರೇಷನ್ ಚೆಕ್' ಅಂತ ಎರಡು ಪದ ಬರೆದು, ಸಂಜೆ ವಾಷಿಂಗ್ ಮಾಡಿ ವಾಪಸ್ ಕೊಟ್ಟ ಸರ್ವೀಸ್ ಸೆಂಟರ್ ಕಥೆಯೂ ಪಕ್ಕದ ರೂಮಿನವರ ಹತ್ರ ಇದೆ. ವ್ಯತ್ಯಾಸ ಡಿಗ್ರಿಯಲ್ಲಿಲ್ಲ. ಮೊದಲು ಕೇಳಿ ಆಮೇಲೆ ಬಿಚ್ಚೋರು ಒಂದು ಕಡೆ, ಮೊದಲೇ ಬಿಚ್ಚೋರು ಇನ್ನೊಂದು ಕಡೆ. ನಾವು ಎರಡನೇ ಗುಂಪಿನಲ್ಲಿದ್ವಿ.

"ಸರ್ವೀಸಿಗೆ ಬಿಟ್ರೆ ಆಯ್ತಲ್ಲ, ಇದೆಲ್ಲ ನಮಗ್ಯಾಕೆ?" ಅಂತ ಕೇಳೋರಿದ್ದಾರೆ. ರಿಪೇರಿ ಅವರೇ ಮಾಡ್ಲಿ. ಆದ್ರೆ ಘಾಟಿಯಲ್ಲಿ ನಡುಗಿದಾಗ ಗಾಡಿ ಮೇಲೆ ಇದ್ದವರು ನೀವು. ಸರ್ವೀಸ್‌ನವರು ಗಲ್ಲಿಯೊಳಗೆ 25ರಲ್ಲಿ ಒಂದು ರೌಂಡ್ ಹೊಡೆದ್ರೆ 45ರ ನಡುಕ ಹೇಗೆ ಸಿಗುತ್ತೆ? ಹೊಟ್ಟೆನೋವು ಅಂತ ಡಾಕ್ಟರ ಹತ್ರ ಹೋದ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಎಡಕ್ಕೋ ಬಲಕ್ಕೋ ಅಂತ ನಾವೇ ಹೇಳ್ತೀವಿ. ಗಾಡಿಗೆ ಬಾಯಿಲ್ಲ, ಅದರ ಪರವಾಗಿಯೂ ನಾವೇ ಹೇಳ್ಬೇಕು.

ಪರೀಕ್ಷೆ ಮಾಡೋ ಹುಮ್ಮಸ್ಸಿನಲ್ಲಿ ಕೈಕಾಲು ಮುರ್ಕೋಬೇಡಿ ಅಂತಲೂ ಹೇಳ್ಬೇಕು. ಹ್ಯಾಂಡಲ್ ಬಿಟ್ಟು ನೋಡೋ ಟೆಸ್ಟ್ ಬೇಡವೇ ಬೇಡ. ಎರಡೂ ಕೈ ಹ್ಯಾಂಡಲ್ ಮೇಲೇ ಇರ್ಲಿ, ಹಿಡಿತ ಹಗುರ ಇದ್ರೆ ಸಾಕು, ನಡುಕ ಗೊತ್ತಾಗುತ್ತೆ. ಹೆಲ್ಮೆಟ್ ಹಾಕಿ, ಹಿಂದೆ ಯಾರೂ ಬೇಡ, ಖಾಲಿ ನೇರ ರಸ್ತೆ ಇರ್ಲಿ. ಸ್ಟ್ಯಾಂಡ್ ಹಾಕಿ ಚೈನ್ ನೋಡುವಾಗ ಎಂಜಿನ್ ಆಫ್ ಮಾಡಿ ಚಕ್ರವನ್ನ ಕೈಯಲ್ಲೇ ತಿರುಗಿಸಿ. ಓಡ್ತಿರೋ ಚೈನು ಸ್ಪ್ರಾಕೆಟ್ ನಡುವೆ ಬೆರಳು ಹೋದ್ರೆ ಬೆರಳು ಹೋಯ್ತು ಅಷ್ಟೇ. ಎಲ್ಲದಕ್ಕೂ ಮುಂಚೆ ಟೈರಿನ ಗಾಳಿ ನೋಡಿ. ಗಾಳಿ ಕಮ್ಮಿ ಇದ್ರೂ ಹ್ಯಾಂಡಲ್ ಆಡಬಹುದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು. ನಮ್ಮ ಟೈರಿನದ್ದು ಓದಿದಾಗ ಅದು ನಮ್ಮ ಎಸ್ಸೆಸ್ಸೆಲ್ಸಿಗಿಂತ ಎಷ್ಟೋ ಹಳೇದು ಅಂತ ಗೊತ್ತಾಯ್ತು.

ಎಬಿಎಸ್ ಗಾಡಿಯವರಿಗೆ ಇನ್ನೊಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಮರಳಿನ ಮೇಲೋ ಒದ್ದೆ ರಸ್ತೆಯಲ್ಲೋ ಜೋರಾಗಿ ಬ್ರೇಕ್ ಹಿಡಿದಾಗ ಲಿವರ್ ಟಕಟಕ ಅಂತ ಬೆರಳಿಗೆ ಹೊಡೆದ್ರೆ ಅದು ಎಬಿಎಸ್ ತನ್ನ ಕೆಲಸ ಮಾಡ್ತಿರೋದು. ಹೆದರಿ ಬ್ರೇಕ್ ಬಿಡಬೇಡಿ. ಆದ್ರೆ ಒಣ ರಸ್ತೆಯಲ್ಲಿ ಮೆಲ್ಲಗೆ ಹಿಡಿದ್ರೂ ಪ್ರತಿ ಸುತ್ತಿಗೆ ಒದ್ದರೆ ಡಿಸ್ಕ್ ತೋರಿಸಿ. ಇಲ್ಲೂ ಪ್ರಶ್ನೆ ಅದೇ: ಯಾವಾಗ?

ಕನ್ನಡ ಸಂಘದ ಪತ್ರಿಕೆಗೆ ಇದನ್ನ ಯಾಕೆ ಬರೆದ್ವಿ ಅಂತ ಕೇಳಬಹುದು. ನಾವು ನಾಲ್ಕೂ ಜನ ಇಂಗ್ಲಿಷ್ ಮೀಡಿಯಂ. ಎಂಜಿನಿಯರಿಂಗ್ ಪದ ಅಂದ್ರೆ ಇಂಗ್ಲಿಷ್ ಪದ, ಕನ್ನಡ ಅಂದ್ರೆ ರಾಜ್ಯೋತ್ಸವ, ಭಾವಗೀತೆ, ಫ್ಲೆಕ್ಸು ಅಂತಲೇ ಅಂದ್ಕೊಂಡಿದ್ವಿ. ಸಂಘ ಕೂಡ ಅದನ್ನೇ ಜಾಸ್ತಿ ಮಾಡ್ತಿದೆ ಅಂದ್ರೆ ಸೀನಿಯರ್‌ಗಳು ಬೇಜಾರಾಗಬಾರದು. ಆಡು, ಒದಿ, ಜುಮ್ಮನ್ನು, ಜಗ್ಗು ಅನ್ನೋ ಪದಗಳು ನಮ್ಮ ಮನೆಯಲ್ಲೂ ಇದ್ವು. ಅವು ಕೆಲಸದ ಪದಗಳು, ಅವುಗಳಿಂದ ಒಂದು ಯಂತ್ರದ ತಪ್ಪು ಹುಡುಕಬಹುದು ಅಂತ ನಮಗೆ ಹೊಳೆದಿರಲಿಲ್ಲ. ಡಿರೈವೇಷನ್ ಇಂಗ್ಲಿಷಿನಲ್ಲೇ ಇರ್ಲಿ, ಪರೀಕ್ಷೆಯೂ ಅದರಲ್ಲೇ ಇರೋದು. ಆದ್ರೆ ಕೈಗೆ ಸಿಕ್ಕಿದ್ದನ್ನ ಹೇಳೋಕೆ ಮನೆಯ ಭಾಷೆ ಇದ್ರೂ ಅದನ್ನ ಗೇಟಿನ ಹೊರಗೆ ಬಿಟ್ಟು ಬಂದಿದ್ದು ನಮ್ಮದೇ ತಪ್ಪು.

ಆದ್ದರಿಂದ ಸಂಘಕ್ಕೆ ಎರಡು ಬೇಡಿಕೆ. ಒಂದು, ಈ ಸಲದ ಕಾರ್ಯಕ್ರಮಗಳಲ್ಲಿ ಒಂದು ಶನಿವಾರ ಆ ಗ್ಯಾರೇಜ್ ಅಣ್ಣನನ್ನ ಅತಿಥಿಯಾಗಿ ಕರೀಬೇಕು. ಶಾಲು, ಹಾರ ಹಾಕಿ ಎರಡು ಮಾತು ಹೇಳಿಸಿ ಕಳಿಸೋದಲ್ಲ. ಪಾರ್ಕಿಂಗಿಗೆ ಕರ್ಕೊಂಡು ಹೋಗಿ ನಮ್ಮ ಗಾಡಿಗಳ ಮೇಲೆ ಪ್ರಶ್ನೆ ಕೇಳಿಸ್ಬೇಕು, ಅವರ ಅರ್ಧ ದಿನದ ಸಂಪಾದನೆಯನ್ನೂ ಕೊಡ್ಬೇಕು. ಎರಡು, ಅವರು ಕೇಳೋ ಪ್ರಶ್ನೆಗಳನ್ನ ಅವರದ್ದೇ ಮಾತಿನಲ್ಲಿ ಒಂದು ಹಾಳೆಗೆ ಇಳಿಸಿ ಪಾರ್ಕಿಂಗ್ ಗೋಡೆಗೆ ಅಂಟಿಸ್ಬೇಕು. ಬರೆಯೋ ಕೆಲಸ ನಾವು ಮಾಡ್ತೀವಿ, ಒತ್ತಕ್ಷರ ನೀವು ನೋಡಿ.

ನಮ್ಮ ಗಾಡಿ ಈಗ ಪಾರ್ಕಿಂಗಿನ ಕೊನೇ ಸಾಲಿನಲ್ಲಿ ನಿಂತಿದೆ. ಕೋನ್ ಸೆಟ್ಟಿನ 'ಟಕ್' ಹೇಗೆ ಹುಡುಕೋದು ಅಂತ ನೋಡ್ಬೇಕಂದ್ರೆ ಸಂಜೆ ಐದರ ಮೇಲೆ ಬನ್ನಿ, ನಿಮ್ಮ ಗಾಡಿಯದ್ದೂ ನೋಡೋಣ. ಆದ್ರೆ ಬರೋಕೆ ಮುಂಚೆ ಒಂದು ರೌಂಡ್ ಹೋಗಿ ಗಮನಿಸ್ಕೊಂಡು ಬನ್ನಿ. "ವೈಬ್ರೇಷನ್ ಬರುತ್ತೆ" ಅಂತ ಬಂದ್ರೆ ನಾವೂ ವಾಪಸ್ ಕಳಿಸ್ತೀವಿ.